ಗೌರಮ್ಮಜ್ಜಿಯ ಗೋಡೆಯ ಮೇಲಿನ ಇಬ್ಬರು

ಅಪ್ಪಾಜಿ, ನನ್ನ ಬಂಗಾರದ ಅಪ್ಪಾಜಿ,

ನನಗೆ ಮದುವೆ ಆಯಿತು! ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಹೇಳಲು ಧೈರ್ಯ ಬರದಿದ್ದರೂ ಇದೊಂದಾದರೂ ನಿಮಗೆ ತಲುಪಲಿ. ಹುಡುಗ ಗುಂಡ್ಲುಪೇಟೆಯವನು, ಹೆಸರು ಪ್ರಜ್ವಲ್. ಅವರ ಮನೆಯವರು ಕೇರಳಕ್ಕೆ ತರಕಾರಿ ಕಳಿಸುತ್ತಾರೆ. ಎಷ್ಟು ಒಳ್ಳೆಯವನು ಗೊತ್ತಾ ಅಪ್ಪಾಜಿ? ನಾನು ಅತ್ತರೆ ಏನು ಮಾಡಬೇಕೆಂದು ತಿಳಿಯದೆ, ಟೊಮೆಟೊ ಕ್ರೇಟು ಇಳಿಸಿಕೊಳ್ಳುವವನ ಹಾಗೆ ಎರಡೂ ಕೈ ಚಾಚಿಕೊಂಡು ನಿಂತುಬಿಡುತ್ತಾನೆ. ಮನೆಯಲ್ಲಿ ಸಾವಾದರೆ ವರ್ಷದೊಳಗೆ ಮದುವೆ ಮಾಡಿಬಿಡಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು ಎಂದು ದೊಡ್ಡವರೆಲ್ಲ ಅವಸರ ಮಾಡಿದರು. ಹಾಗಾಗಿ ನೀವು ಹೋದ ಒಂಬತ್ತನೇ ತಿಂಗಳಿಗೆ ನಾನು ರೇಷ್ಮೆ ಸೀರೆ ಉಟ್ಟು ಕುಣಿಯುತ್ತಿದ್ದೆ. ಹೌದು, ಕುಣಿದೆ. ಮಂಟಪದ ಪಕ್ಕದ ಕುರ್ಚಿಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದ ನಿಮ್ಮ ಫೋಟೊದ ಮುಂದೆಯೇ ಕುಣಿದೆ. ನೀವಿದ್ದಿದ್ದರೆ “ನಿಂತ್ಕಳಮ್ಮಿ ಒಂದ್‌ ಗಳಿಗೆ, ಫೋಟೊ ಶೇಕಾಯ್ತದೆ” ಎಂದು ಕೂಗುತ್ತಿದ್ದಿರಿ, ಅಲ್ಲವಾ?

ಏಳನೇ ಕ್ಲಾಸಿನಲ್ಲಿ ಒಂದು ಫಾರಂ ಕೊಟ್ಟಿದ್ದರು. ತಂದೆಯ ಉದ್ಯೋಗ ಎಂಬಲ್ಲಿ ನಾನು ಇಂಗ್ಲಿಷಿನಲ್ಲಿ ‘ಟ್ರಾವೆಲ್ ಫೋಟೊಗ್ರಾಫರ್’ ಎಂದು ಬರೆದಿದ್ದೆ. ಮಿಸ್ ಕನ್ನಡಕ ಸರಿ ಮಾಡಿಕೊಂಡು, ಯಾವ ಮ್ಯಾಗಜೀನಿಗೆ ಎಂದು ಕೇಳಿದರು. ನಾನು ಬೂಟಿನ ತುದಿ ನೋಡುತ್ತ ನಿಂತೆ. ನೀವು ಯಾತ್ರೆ ಬಸ್ಸಿನ ಫೋಟೊದವರು ಎಂದು ಹೇಳಲು ನನಗೆ ನಾಚಿಕೆಯಾಗಿತ್ತು. ದಸರೆ ರಜೆಯಲ್ಲಿ ಒಮ್ಮೆ, ಅರಿಸಿನ ಕಿತ್ತಾದ ಮೇಲೆ ಇನ್ನೊಮ್ಮೆ, ಕುದೇರು, ಹರವೆ, ಉಡಿಗಾಲ ಕಡೆಯ ವಯಸ್ಸಾದ ರೈತರನ್ನೆಲ್ಲ ತುಂಬಿಕೊಂಡು, ಟಾಪಿನ ಮೇಲೆ ಅಕ್ಕಿ ಮೂಟೆ, ಒಳಗೆ ಅಡುಗೆಯವರು, ಮುಂದಿನ ಸೀಟಿನಲ್ಲಿ ಕ್ಯಾಮೆರಾ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡ ನೀವು. ಕಾಶಿ, ಆಗ್ರಾ, ಜೈಪುರ, ಜೈಸಲ್ಮೇರಿನ ಮರಳು, ದ್ವಾರಕೆ, ದೋಣಿ ಹತ್ತಿ ಹೋಗುವ ಬೇಟ್ ದ್ವಾರಕೆ ದ್ವೀಪ. ನಮ್ಮ ಸ್ಕೂಲಿನಲ್ಲಿ ಯಾವ ಮಗುವಿನ ಅಪ್ಪನೂ ನೋಡದಷ್ಟು ಊರು ನೋಡಿದ್ದ ನಿಮ್ಮ ಬಗ್ಗೆ ಹೆಮ್ಮೆ ಪಡಲು ನನಗೇನಾಗಿತ್ತು?

ಚಾಮರಾಜನಗರದ ನಿಮ್ಮ ಸ್ಟುಡಿಯೋ ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಯಾರಾದರೂ ಕೂತಿದ್ದರೆ, ಯಾವುದೋ ಊರಲ್ಲಿ ಯಾರೋ ಹೋಗಿದ್ದಾರೆಂದು ನಮಗೆ ತಿಳಿಯುತ್ತಿತ್ತು. “ಮಾದಪ್ಪಣ್ಣ, ನಮ್ಮಪ್ಪನ ಮೊಖ ಕೊಡಣ್ಣ” ಎನ್ನುತ್ತಿದ್ದರು. ಫೋಟೊ ಎನ್ನುತ್ತಿರಲಿಲ್ಲ, ಮುಖ ಎಂದೇ ಕೇಳುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕಟ್ಟುವ ಫ್ಲೆಕ್ಸಿಗೆ, ಸತ್ತವರ ಶಿವಗಣಾರಾಧನೆಯ ಕಾರ್ಡಿಗೆ, ಗೋಡೆಗೆ. ಆ ಮನೆಗಳಲ್ಲಿ ಇನ್ನೊಂದು ಫೋಟೊ ಎಂದರೆ ಆಧಾರ್ ಕಾರ್ಡಿನದು, ಅದನ್ನು ನೋಡಿದರೆ ಸ್ವಂತ ಹೆಂಡತಿಯೂ ಗುರುತು ಹಿಡಿಯುವುದಿಲ್ಲ. ನೀವು ಕಂಪ್ಯೂಟರಿಗೆ ಕಪ್ಪು ಹಾರ್ಡ್ ಡಿಸ್ಕ್ ಸಿಕ್ಕಿಸಿ, ಊರಿನ ಹೆಸರಿನ ಫೋಲ್ಡರ್ ತೆರೆದು, ಐದು ನಿಮಿಷದಲ್ಲಿ ಆ ಮನುಷ್ಯನನ್ನು ಹುಡುಕಿ ಕೊಡುತ್ತಿದ್ದಿರಿ. ಅವರ ಹಿಂದಿದ್ದ ಕೋಟೆ ಕೊತ್ತಲ ಎಲ್ಲ ಕತ್ತರಿಸಿ ನೀಲಿ ಬಣ್ಣ ತುಂಬುತ್ತಿದ್ದಿರಿ. “ಅಷ್ಟು ಚೆನ್ನಾಗಿರೋ ತಾಜ್ ಮಹಲ್ ಯಾಕೆ ಅಳಿಸ್ತೀರಾ?” ಎಂದು ನಾನು ಜಗಳಕ್ಕೆ ಬಂದರೆ, ತಲೆ ಎತ್ತದೆ ಹೇಳಿದ್ದಿರಿ: “ತಾಜ್ ಮಹಲು ಎಲ್ಲಿಗೂ ಓಗಕಿಲ್ಲ ಕಣಮ್ಮಿ. ಬೇಕಾರೆ ಓಗಿ ನೋಡ್ಕೊ, ಅಲ್ಲೇ ಇರ್ತದೆ.”

ಒಂಬತ್ತನೇ ಕ್ಲಾಸಿನ ದಸರೆ ರಜೆಯಲ್ಲಿ ನನ್ನನ್ನೂ ಬಸ್ಸು ಹತ್ತಿಸಿಕೊಂಡಿರಿ. ಜೈಸಲ್ಮೇರಿನ ಆ ಮರಳು ದಿಬ್ಬದ ಮೇಲೆ ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಈ ಜನ ನನ್ನವರಲ್ಲ ಎಂಬಂತೆ ದೂರ ನಿಂತಿದ್ದೆ. ಆದರೂ ಎಲ್ಲ ಕೇಳಿಸಿತ್ತು. ಹರವೆಯ ಗೌರಮ್ಮಜ್ಜಿಯನ್ನೂ ಅವರ ಯಜಮಾನರಾದ ಮಲ್ಲಪ್ಪಜ್ಜನನ್ನೂ ನೀವು ಒಟ್ಟಿಗೆ ನಿಲ್ಲಿಸಲು ಒದ್ದಾಡುತ್ತಿದ್ದಿರಿ.

“ಪಕ್ಕಕ್ಕೆ ಬನ್ನಿ ಮಲ್ಲಪ್ಪಣ್ಣ. ಬರ್ನಿಲ್ಲ ಅಂದ್ರೆ ಗೌರಕ್ಕನ್ನ ಒಂಟೆ ಪಕ್ಕ ನಿಲ್ಲಿಸ್ಬುಡ್ತೀನಿ.”

“ನಿಲ್ಸು ನಿಲ್ಸು. ಒಂಟೆ ಪುಣ್ಯ ಮಾಡಿತ್ತು ಕಣ್ಲಾ, ಅದ್ಕೆ ಇವ್ಳ ಮಾತು ತಿಳಿಯಕಿಲ್ಲ.”

“ಒಂಟೆಗಿಂತ ನಿನ್ ಮೊಖನೇ ಉದ್ದ ಅದೆ, ಸುಮ್ನೆ ಬಾ,” ಎಂದು ಗೌರಮ್ಮಜ್ಜಿ ಟವೆಲು ಹಿಡಿದು ಎಳೆದರು. ಬಸ್ಸಿನವರೆಲ್ಲ ನಕ್ಕರು. ಆ ನಗು ಮುಗಿಯುವ ಮೊದಲು ನೀವು ಕ್ಲಿಕ್ ಮಾಡಿದ್ದಿರಿ. ಅವರಿಬ್ಬರೂ ಪಕ್ಕಪಕ್ಕ ನಿಂತು ತೆಗೆಸಿಕೊಂಡ ಫೋಟೊ ಇಡೀ ಬದುಕಿನಲ್ಲಿ ಅದೊಂದೇ ಎಂದು ಆಗ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು ಅನ್ನಿಸುತ್ತದೆ.

ಅವತ್ತು ಸಂಜೆ ಬಸ್ಸಿನಲ್ಲಿ ಕ್ಯಾಮೆರಾದ ಹಿಂದಿನ ಸ್ಕ್ರೀನು ನೋಡಿ ನಾನು ನಿಮಗೇ ಪಾಠ ಹೇಳಿದ್ದೆ. ಇಂಟರ್ನೆಟ್ಟಿನಲ್ಲಿ ಓದಿದ್ದೆನಲ್ಲ! ಮುಖ ಚೌಕಟ್ಟಿನಲ್ಲಿ ಎಲ್ಲಿರಬೇಕು, ತಲೆಯ ಮೇಲೆ ಎಷ್ಟು ಜಾಗ ಬಿಡಬೇಕು ಎಂದೆಲ್ಲ. ನಿಮ್ಮ ಫೋಟೊಗಳಲ್ಲಿ ಜನ ಯಾವಾಗಲೂ ಕೆಳಗಿನ ಅರ್ಧದಲ್ಲಿ, ಮೇಲೆ ಬರೀ ಆಕಾಶ. “ಇಷ್ಟೊಂದು ಆಕಾಶ ವೇಸ್ಟ್ ಅಪ್ಪಾಜಿ” ಎಂದೆ. ನೀವು ಹಿಂದಿನ ಸೀಟಿನವರಿಗೆ ಕೇಳಿಸದ ಹಾಗೆ ಬಾಗಿ ಹೇಳಿದಿರಿ: “ನಾಳೆ ದಿನ ಫ್ಲೆಕ್ಸಲ್ಲಿ ಮೇಲುಗಡೆ ಎಸ್ರು ಬರ್ಸಕೆ ಜಾಗ ಬ್ಯಾಡ್ವಾ?” ಅಷ್ಟು ಜನ ಹಾಡಿಕೊಂಡು, ಚುರುಮುರಿ ತಿಂದುಕೊಂಡು ಕೂತಿದ್ದ ಆ ಬಸ್ಸಿನಲ್ಲಿ, ಒಬ್ಬೊಬ್ಬರ ಕೊನೆಯ ಫೋಟೊ ತೆಗೆಯುತ್ತಿದ್ದೇನೆಂಬ ಅರಿವು ಇಟ್ಟುಕೊಂಡು ಅವರನ್ನು ನಗಿಸುತ್ತಿದ್ದಿರಲ್ಲ, ಹೇಗೆ ಸಾಧ್ಯವಾಗುತ್ತಿತ್ತು ನಿಮಗೆ? ನನಗೆ ಈಗ ಒಬ್ಬರ ಮುಂದೆ ಕೂತು ಮಾತಾಡಲೂ...

ಹನಿಮೂನಿಗೆ ಎಲ್ಲಿಗೆ ಎಂದಾಗ ಪ್ರಜ್ವಲ್ ಹೇಳಿದ್ದು ಕೇಳಿ ನಗಬೇಡಿ. “ಊಟಿಗೋಗನ ಬಾ. ಮಧ್ಯಾಹ್ನದ ಊಟಕ್ಕೆ ಮನೇಗೇ ಬಂದ್ಬುಡಬೋದು.” ನಾನು ಬಿಡಲಿಲ್ಲ. ಜೈಸಲ್ಮೇರ್ ಎಂದೆ. ನೀವು ನಿಂತಿದ್ದ ಮರಳಿನ ಮೇಲೆ ನಾನೂ ನಿಲ್ಲಬೇಕು, ನೀವು ತೆಗೆದ ಜಾಗದಲ್ಲೇ ನಾನೂ ತೆಗೆಸಿಕೊಳ್ಳಬೇಕು! ಎಷ್ಟು ಫೋಟೊ ತೆಗೆದೆವು ಅಪ್ಪಾಜಿ, ಕೋಟೆಯ ಮುಂದೆ, ಹವೇಲಿಯ ಕಿಟಕಿಯಲ್ಲಿ, ಒಂಟೆಯ ಮೇಲೆ. ಕೆಂಪು ದುಪಟ್ಟಾ ಗಾಳಿಗೆ ಹಾರಬೇಕು, ನಾನು ಹಿಂತಿರುಗಿ ನಗಬೇಕು, ಅವನು ಮಂಡಿಯೂರಿ ತೆಗೆಯಬೇಕು. ಏಳನೇ ಸಲ ಸರಿಬಂತು ಅನ್ನುವಾಗ ಫೋನ್ ಹೊಡೆದುಕೊಂಡಿತು. ನಮ್ಮ ಮದುವೆಯ ವಿಡಿಯೋದವನು.

“ಮೇಡಂ, ನೀವು ಕೊಟ್ಟಿರೋ ಹಾರ್ಡ್ ಡಿಸ್ಕಿಗೆ ನಮ್ ಸಿಸ್ಟಮ್ಮಿಂದ ಕಾಪಿ ಆಗ್ತಿಲ್ಲ. ಫಾರ್ಮ್ಯಾಟ್ ಮಾಡ್ಬೇಕಾಯ್ತದೆ. ಒಳಗೆ ಏನೋ ಹಳೇದಿದೆ. ಮಾಡ್ಲಾ?”

ಮದುವೆಯ ವಿಡಿಯೋ ತುಂಬಿಸಿಕೊಡಲು ಡಿಸ್ಕು ಮನೆಯವರೇ ಕೊಡಬೇಕು ಎಂದಿದ್ದ. ಮದುವೆಯ ಗಡಿಬಿಡಿಯಲ್ಲಿ ನಿಮ್ಮ ಬೀರುವಿನಿಂದ ಕಪ್ಪು ಡಿಸ್ಕ್ ತೆಗೆದು, “ಹಳೇ ಫೋಟೊ ಹಾಗೇ ಇರಲಿ, ಮಿಕ್ಕ ಜಾಗದಲ್ಲಿ ಹಾಕಿ” ಎಂದು ಕೊಟ್ಟಿದ್ದೆ. ಈಗ ಗಾಳಿ, ಮರಳು, ಮುಳುಗುತ್ತಿರುವ ಸೂರ್ಯ, ಬೆಳಕು ಹೋಗುತ್ತೆ ಬೇಗ ಬಾ ಎಂದು ಪ್ರಜ್ವಲ್ ಕೈ ಬೀಸುತ್ತಿದ್ದ. “ಹೂಂ, ಮಾಡಿ ಮಾಡಿ, ಏನೂ ತೊಂದರೆ ಇಲ್ಲ” ಎಂದೆ. ನಾನು ಇಂಗ್ಲಿಷ್ ಮೀಡಿಯಂ ಅಪ್ಪಾಜಿ. ಫಾರ್ಮ್ಯಾಟ್ ಎಂದರೆ ಒಳಗಿರುವುದೆಲ್ಲ ಅಳಿಸಿಹೋಗುವುದೆಂದು ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಒಂದು ಕ್ಷಣ ಯೋಚಿಸಿದೆ ಕೂಡ. ಸ್ಟುಡಿಯೋ ಕಂಪ್ಯೂಟರಿನಲ್ಲಿ ಇನ್ನೊಂದು ಕಾಪಿ ಇದ್ದೇ ಇದೆಯಲ್ಲ ಅಂದುಕೊಂಡೆ. ಆಮೇಲೆ ಓಡಿಹೋಗಿ ದುಪಟ್ಟಾ ಹಾರಿಸಿದೆ.

ಗೌರಮ್ಮಜ್ಜಿ ನನ್ನನ್ನು ಹುಡುಕಿಕೊಂಡು ಗುಂಡ್ಲುಪೇಟೆಗೆ ಬಂದದ್ದು ನಾವು ವಾಪಸಾದ ಮೂರನೇ ವಾರ. ಅವರ ತಮ್ಮನ ಮಗ ನಾಗೇಂದ್ರ ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದ. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ನೆರಳಿನ ಹಾಗೆ ಮಾತ್ರ ಕಾಣುತ್ತದಂತೆ. ಕೈಯಿಂದ ನನ್ನ ಮುಖ ಸವರಿ, ತಾಳಿ ಮುಟ್ಟಿ ನೋಡಿ, “ಮದುವ್ಗಿತ್ತಿ ಆಗ್ಬುಟ್ಟಿದ್ದೀಯೆ, ನಿಮ್ಮಪ್ಪ ಇರಬೇಕಾಗಿತ್ತು” ಎಂದರು. ಆಮೇಲೆ ಬಂದ ಕೆಲಸ ಹೇಳಿದರು. ಮಲ್ಲಪ್ಪಜ್ಜ ಹೋಗಿಬಿಟ್ಟಿದ್ದಾರೆ. ಮಕ್ಕಳಿಲ್ಲದ ಅಜ್ಜಿ ಈಗ ನಾಗೇಂದ್ರನ ಮನೆಯಲ್ಲಿದ್ದಾರೆ. ನೀವು ಕೊಟ್ಟಿದ್ದ ಫೋಟೊ ಗೋಡೆಯಲ್ಲೇ ಗೆದ್ದಲು ಹಿಡಿದು ಹೋಯಿತಂತೆ. “ಮೊಖ ಕೊಡವ್ವ. ಮರಳಲ್ಲಿ ನಿಂತಿದ್ವಲ್ಲ, ಅದು. ಅವ್ರು ನನ್ ಪಕ್ಕ ನಿಂತಿದ್ದು ಅದೊಂದೇ ಕಣವ್ವ.” “ಅಯ್ಯೋ, ಅದಕ್ಕೇನಜ್ಜಿ, ಈ ವಾರದಲ್ಲೇ ಕೊಡ್ತೀನಿ!” ಎಂದೆ. ಎಷ್ಟು ಸಂತೋಷದಿಂದ ಹೇಳಿದೆ ಗೊತ್ತಾ? ಮೊದಲ ಸಲ ಮಾದಪ್ಪನ ಮಗಳು ಎಂದು ಯಾರೋ ನನ್ನ ಹತ್ತಿರ ಕೇಳಿಕೊಂಡು ಬಂದಿದ್ದರು.

ಮರುದಿನವೇ ಚಾಮರಾಜನಗರಕ್ಕೆ ಹೋಗಿ ಸ್ಟುಡಿಯೋ ಬಾಗಿಲು ತೆರೆದೆ. ಮೇಜಿನ ಮೇಲೆ ಕಂಪ್ಯೂಟರು ಇದ್ದ ಜಾಗದಲ್ಲಿ ಧೂಳು ತೆಳುವಾಗಿದ್ದ ಚೌಕ ಒಂದಿತ್ತು. ಅಮ್ಮನಿಗೆ ಫೋನ್ ಮಾಡಿದೆ. “ಅದಾ? ಹಳೇದು ಅಂತ ಗುಜರಿಯವನಿಗೆ ಕೊಟ್ಟೆ ಮಗ, ಮದ್ವೆಗೆ ನೆಂಟರು ಬತ್ತಾರೆ ಅಂತ ಸ್ಟುಡಿಯೋದಲ್ಲಿ ಜಾಗ ಮಾಡ್ವಾಗ. ಎಲ್ಲಾ ಡಿಸ್ಕಲ್ಲಿ ಅದೆ ಅಂತ ನಿಮ್ಮಪ್ಪ ಯಾವಾಗ್ಲೂ ಹೇಳೋರಲ್ಲ.” ಅಮ್ಮ ಡಿಸ್ಕ್ ಇದೆಯೆಂದು ನಂಬಿದ್ದಳು, ನಾನು ಕಂಪ್ಯೂಟರ್ ಇದೆಯೆಂದು ನಂಬಿದ್ದೆ. ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ. ಹೇಗೆ ಹೇಳಲಿ?

ಮೈಸೂರಿನಲ್ಲಿ ಅಳಿಸಿಹೋದದ್ದನ್ನು ತೆಗೆದುಕೊಡುವ ಅಂಗಡಿ ಒಂದಿದೆ. ಡಿಸ್ಕನ್ನು ಎದೆಗೆ ಅವಚಿಕೊಂಡು ಹೋದೆ. ಅಲ್ಲಿದ್ದ ಹೆಂಗಸು ಒಳ್ಳೆಯವರು, ಮೂರು ದಿನ ಕಷ್ಟಪಟ್ಟರು. ಹೆಚ್ಚಿನ ಫೋಟೊಗಳು ತೆರೆಯಲೇ ಇಲ್ಲ. ತೆರೆದವು ಹೇಗಿದ್ದವು ಹೇಳಲಾ? ಮೇಲೆ ಆಕಾಶ. ಅದರ ಕೆಳಗೆ ಕೋಟೆಯ ತುದಿ, ಗುಮ್ಮಟದ ನೆತ್ತಿ, ದೋಣಿಯ ಧ್ವಜ. ಅಲ್ಲಿಂದ ಕೆಳಗೆ ಬೂದು ಬಣ್ಣ. ಒಂದಾದ ಮೇಲೆ ಒಂದು, ಎಲ್ಲವೂ ಹಾಗೇ. “ಫೋಟೊ ಮೇಲಿಂದ ಕೆಳಗೆ ಓದ್ಕೊಂಡು ಬರುತ್ತೆ. ಕೆಳಗಿನ ಭಾಗದ ಮೇಲೆ ಬೇರೆ ಏನೋ ಬರೆದುಬಿಟ್ಟಿದೆ” ಎಂದರು. ಏನು ಬರೆದಿದೆ ಎಂದು ಕೇಳಿದೆ. “ಯಾವುದೋ ಮದುವೆ ವಿಡಿಯೋ ರೀ” ಎಂದರು.

ಜೈಸಲ್ಮೇರಿನ ಆ ಸಂಜೆಯದು ಎಂದು ನಾನು ಒಂದನ್ನು ಗುರುತು ಹಿಡಿದೆ. ತಿಳಿ ನೀಲಿ, ಬಲಗಡೆ ಒಂದು ಒಂಟೆಯ ಕಿವಿ. ಅದರ ಕೆಳಗೆ ಗೌರಮ್ಮಜ್ಜಿಯೂ ಮಲ್ಲಪ್ಪಜ್ಜನೂ ನಿಂತಿದ್ದರು. ಈಗ ಅವರ ಮೇಲೆ ನಾನು ಕುಣಿಯುತ್ತಿದ್ದೇನೆ. ಮದುವೆ ವಿಡಿಯೋ ಪೂರ್ತಿ ಚೆನ್ನಾಗಿ ಬಂದಿದೆ ಅಪ್ಪಾಜಿ, ಒಂದು ಕಡೆಯೂ ಶೇಕ್ ಇಲ್ಲ. ನಾನು ಇವತ್ತಿನವರೆಗೆ ಅದನ್ನು ನೋಡಿಲ್ಲ.

ಪ್ರಜ್ವಲ್ ನನಗೆ ಒಳ್ಳೆಯದಾಗಲಿ ಎಂದೇ ಒಂದು ದಾರಿ ಹೇಳಿದ. ಅವನ ಗೆಳೆಯನದು ಫ್ಲೆಕ್ಸ್ ಅಂಗಡಿ. “ಈಗ ಎಐ ಇದೆ ಕಣೇ, ಅಳ್ತಾ ಕೂತ್ಕೋಬೇಡ.” ಗೆಳೆಯ ಇನ್ನೂ ಸಲೀಸಾಗಿ ಹೇಳಿದ: “ಆಧಾರ್ ಜೆರಾಕ್ಸ್ ಕೊಡಿ ಅತ್ತಿಗೆ ಸಾಕು. ಕಾಶಿಲಿ ಬೇಕಾ, ಕಾಶ್ಮೀರದಲ್ಲಿ ಬೇಕಾ, ನಿಲ್ಲಿಸ್ಬುಡ್ತೀನಿ.” ನಾಗೇಂದ್ರನಿಂದ ಅಜ್ಜನ ಆಧಾರ್ ತರಿಸಿಕೊಂಡೆ. ಮಸಿ ಮೆತ್ತಿದ ಹಾಗಿತ್ತು. ಅಜ್ಜಿ ಬಂದ ದಿನ ಮೊಬೈಲಿನಲ್ಲಿ ತೆಗೆದಿದ್ದ ಅವರ ಫೋಟೊ ಕೊಟ್ಟೆ. ನೀವು ತೆಗೆದ ಆಕಾಶ ಕೊಟ್ಟೆ. ಅರ್ಧ ಗಂಟೆಯಲ್ಲಿ ಬೂದು ಬಣ್ಣದ ಜಾಗದಲ್ಲಿ ಇಬ್ಬರು ಬಂದು ನಿಂತರು. ಎಷ್ಟು ಚೆನ್ನಾಗಿದ್ದರು ಅಪ್ಪಾಜಿ! ಇಬ್ಬರಿಗೂ ಸಾಲು ಹಲ್ಲು, ಇಸ್ತ್ರಿ ಮಾಡಿದ ಬಟ್ಟೆ, ಸಿನಿಮಾದ ತಾತ ಅಜ್ಜಿಯರ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡು ನಗು. ಮಲ್ಲಪ್ಪಜ್ಜ ಎಂದಾದರೂ ಹಾಗೆ ಅಜ್ಜಿಯ ಕಡೆ ನೋಡಿದ್ದರಾ? ಇಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಅಜ್ಜಿಗೆ ಕಣ್ಣು ಕಾಣುವುದಿಲ್ಲವಲ್ಲ ಎಂದೂ ಆ ಕ್ಷಣವೇ ಹೊಳೆಯಿತು. ಫ್ರೇಮು ಹಾಕಿಸಿದೆ. ಹಿಂದೆ ನಿಮ್ಮ ಸ್ಟುಡಿಯೋದ ಸೀಲು ಒತ್ತಿದೆ. ಇದನ್ನು ಹೇಗೆ ಕ್ಷಮಿಸುತ್ತೀರೋ... ಕ್ಷಮಿಸಬೇಡಿ.

ಹರವೆಯಲ್ಲಿ ಅದನ್ನು ಕೈಗಿಟ್ಟಾಗ ಅಜ್ಜಿ ಕಿಟಕಿಯ ಬೆಳಕಿಗೆ ಹಿಡಿದು, ಮೂಗಿಗೆ ತಾಗಿಸಿಕೊಂಡು ನೋಡಿದರು. “ಎಲ್ಲವರೆ? ಎಡಗಡೆ ಅಲ್ವಾ ಅವ್ರು?” ನಾನು ಬೆರಳು ಹಿಡಿದು ತೋರಿಸಿದೆ. “ನಾನಿವ್ನಾ ಪಕ್ದಲ್ಲಿ?” ಇದ್ದೀರಿ ಅಜ್ಜಿ ಎಂದೆ. ಗಾಜಿನ ಮೇಲೆ ವಿಭೂತಿ ಇಟ್ಟು, ಅಳತೆ ಮರೆಯಬಾರದೆಂದು ಫ್ರೇಮಿನ ಅಂಚಿನಿಂದ ಎಷ್ಟು ಬೆರಳು ದೂರವೆಂದು ಎಣಿಸಿಕೊಂಡರು. ನನ್ನ ತಲೆ ಮೇಲೆ ಕೈಯಿಟ್ಟು, “ನಿಮ್ಮಪ್ಪ ಸತ್ತಿಲ್ಲ ಬುಡು” ಎಂದರು. ವಾಪಸು ಬರುವಾಗ ದಾರಿಯುದ್ದಕ್ಕೂ ಚೆಂಡು ಹೂವಿನ ಹೊಲಗಳು. ಕೇರಳದ ಕಾರುಗಳು ನಿಂತು, ಜನ ಇಳಿದು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನನಗೆ ಸ್ಕೂಟರು ನಿಲ್ಲಿಸಿ ಅವರಿಗೆಲ್ಲ ಏನೋ ಕೂಗಿ ಹೇಳಬೇಕು ಅನ್ನಿಸಿತು. ಏನೆಂದು ತಿಳಿಯಲಿಲ್ಲ.

ಹತ್ತು ದಿನ ಬಿಟ್ಟು ಎರಡು ಫೋನ್ ಬಂದವು. ಒಂದು ಕುದೇರಿನಿಂದ: “ಗೌರಮ್ಮಂಗೆ ಕೊಟ್ರಂತಲ್ಲ, ನಮ್ಮವ್ವಂದೂ ಕೊಡ್ರವ್ವ, ಕಾಶಿಲಿ ಮಾದಪ್ಪಣ್ಣ ತೆಗುದಿದ್ದು.” ಇನ್ನೊಂದು ನಾಗೇಂದ್ರನದು. ಕಣ್ಣಿನ ಕ್ಯಾಂಪಿನವರು ಮುಂದಿನ ಗುರುವಾರ ಹರವೆಗೆ ವ್ಯಾನು ತರುತ್ತಾರೆ, ಅತ್ತೆಯ ಹೆಸರು ಬರೆಸಿದ್ದೇನೆ ಎಂದ. ಆಮೇಲೆ ಅಜ್ಜಿಯೇ ಫೋನ್ ತೆಗೆದುಕೊಂಡರು. “ಅಷ್ಟ್ ವರ್ಸದಿಂದ ಆಪರೇಸನ್ನು ಅಂದ್ರೆ ಎದ್ರುತಿದ್ದೆ ಕಣವ್ವ. ಈಗ ಎದ್ರಿಕೆ ಇಲ್ಲ. ಪಟ್ಟಿ ಬಿಚ್ತಿದ್ದಂಗೆ ಮೊದ್ಲು ಅವ್ರ ಮೊಖನೇ ನೋಡೋದು.” ನಾನು ಸರಿ ಅಜ್ಜಿ ಎಂದೆ. ಫೋನ್ ಇಟ್ಟ ಮೇಲೆ ಪ್ರಜ್ವಲ್, “ಹನ್ನೆರಡು ವರ್ಷದ ಹಿಂದಿನ ಮುಖ, ನೆನಪಿರಲ್ಲ ಬಿಡು” ಎಂದ. ಐವತ್ತು ವರ್ಷ ಪಕ್ಕದಲ್ಲಿ ಮಲಗಿದವರ ಮುಖ ನೆನಪಿರುವುದಿಲ್ಲವಾ? ಕುದೇರಿನವರಿಗೆ ನಾನೇ ಫೋನ್ ಮಾಡಿ, ಯಾವುದೂ ಉಳಿದಿಲ್ಲ, ತಪ್ಪು ನನ್ನದು ಎಂದೆ. ಅವರು “ಓ, ಅಂಗಾ” ಎಂದು ಫೋನ್ ಇಟ್ಟುಬಿಟ್ಟರು.

ನಿನ್ನೆ ಬೆಳಿಗ್ಗೆ ಹರವೆಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಕೂತು ಹುರುಳಿಯಲ್ಲಿನ ಕಲ್ಲನ್ನು ಬೆರಳಿನಲ್ಲೇ ತಡವಿ ಆರಿಸುತ್ತಿದ್ದರು. ನನ್ನ ಸ್ಕೂಟರಿನ ಸದ್ದಿಗೇ ಗುರುತು ಹಿಡಿದು ನಾಗೇಂದ್ರನಿಗೆ ಕಾಫಿ ಹೇಳಿದರು. ನಾನು ಕಾಫಿ ಬರುವವರೆಗೂ ಕಾಯಲಿಲ್ಲ.

“ಅಜ್ಜಿ, ಆ ಫೋಟೊ ಅಪ್ಪಾಜಿ ತೆಗೆದಿದ್ದಲ್ಲ.”

“ಮತ್ಯಾರವ್ವ ತೆಗುದ್ರು? ಅವತ್ತು ಮಾದಪ್ಪನೇ ಅಲ್ವಾ ಇದ್ದುದ್ದು?”

“ಅಪ್ಪಾಜಿ ತೆಗೆದಿದ್ದು ನನ್ನಿಂದ ಅಳಿಸಿಹೋಯ್ತು. ಇದು ಕಂಪ್ಯೂಟರಲ್ಲಿ ಮಾಡಿಸಿದ್ದು. ಅದರಲ್ಲಿರೋರು ಅಜ್ಜ ಅಲ್ಲ.”

ಅವರ ಬೆರಳು ಹುರುಳಿಯ ಮೇಲೆ ನಿಂತಿತು. “ಪಕ್ದಲ್ಲಿ ನಾನಿವ್ನಿ ಅಂದ್ಯಲ್ಲ?”

“ನೀವೂ ಅಲ್ಲ ಅಜ್ಜಿ.”

“ಅಂಗಾರೆ ಅಲ್ಲಿ ನಿಂತಿರೋರು ಇಬ್ರೂ ಯಾರವ್ವ?”

“ಯಾರೂ ಅಲ್ಲ.”

“ಯಾರೂ ಅಲ್ಲ ಅಂದ್ರೆ ಎಂಗೆ? ದಿನಾ ಬೆಳಿಗ್ಗೆ ಈಬೂತಿ ಇಕ್ಕಿ ಮಾತಾಡುಸ್ತಿದ್ನಲ್ಲ. ಕೇಳಿಸ್ಕತಿದ್ದೋರು ಯಾರು?”

ಬೈದಿದ್ದರೆ, ಹೊಡೆದಿದ್ದರೆ ಕಾಲು ಹಿಡಿದುಕೊಳ್ಳಬಹುದಿತ್ತು ಅಪ್ಪಾಜಿ. ಅವರು ಮೊರವನ್ನು ಪಕ್ಕಕ್ಕಿಟ್ಟು ಬೀದಿಯ ಕಡೆಗೆ ಮುಖ ತಿರುಗಿಸಿದರು. ಕಾಫಿ ತಂದ ನಾಗೇಂದ್ರ ಬಾಗಿಲಲ್ಲೇ ನಿಂತಿದ್ದ. “ಇಳಸ್ಬುಡು ಮಗ ಅದನ್ನ” ಎಂದರು. “ಅವ್ರ್ಯಾರೋ ಏನೋ, ನಮ್ ಮನೇಲಿ ಯಾಕೆ? ಈ ಹೆಣ್ಮಗ ತಂದಿತ್ತು, ಅದ್ರ ಕೈಲೇ ಕಳ್ಸು.” ಆಮೇಲೆ, ಹುರುಳಿ ಅಳೆದು ಕೊಡು ಎನ್ನುವಷ್ಟು ಸಾಧಾರಣವಾಗಿ, “ವ್ಯಾನ್ನೋರಿಗೂ ಬ್ಯಾಡ ಅಂತ ಯೋಳ್ಬುಡು” ಎಂದರು. ನಾಗೇಂದ್ರ, “ಅದ್ಯಾಕತ್ತೆ? ಎಸ್ರು ಬರ್ಸಿದ್ದೀನಲ್ಲ?” ಎಂದ.

“ನೋಡಕೆ ಏನದೆ ಮಗ?”

ಅಷ್ಟೇ. ಮತ್ತೆ ಮೊರ ತೆಗೆದುಕೊಂಡರು. ನಾನು ಎದ್ದಾಗ, ಕಾಫಿ ಕುಡ್ಕಂಡು ಹೋಗು ಎಂದರು. ಕುಡಿದೆ.

ನೀವು ಕೇಳಿರದ ಸುದ್ದಿ ಇದು ಅಪ್ಪಾಜಿ. ನಿಮ್ಮ ಯಾತ್ರೆ ಬಸ್ಸಿನ ಅಷ್ಟೂ ಜನರಲ್ಲಿ ಒಬ್ಬರ ಮುಖವೂ ಈಗ ನಿಮ್ಮ ಮನೆಯಲ್ಲಿಲ್ಲ. ಅವರಲ್ಲಿ ಇನ್ನೂ ಬದುಕಿರುವವರ ಮನೆಯವರು ಒಂದು ದಿನ ಬಂದೇ ಬರುತ್ತಾರೆ. ಬಂದವರಿಗೆಲ್ಲ ಕುದೇರಿನವರಿಗೆ ಹೇಳಿದ್ದನ್ನೇ ಹೇಳುತ್ತೇನೆ. ಅಮ್ಮನಿಗೆ ಈ ಭಾನುವಾರ ಹೇಳುತ್ತೇನೆ. ಇದರಿಂದ ಏನಾದರೂ ಸರಿಹೋಗುತ್ತದೆಂದು ನಾನು ಅಂದುಕೊಂಡಿಲ್ಲ. ಸರಿಹೋಗುವುದಿಲ್ಲ.

ಗುರುವಾರ ವ್ಯಾನು ಬೆಳಿಗ್ಗೆ ಎಂಟಕ್ಕೆ ಹರವೆಗೆ ಬರುತ್ತದಂತೆ. ನಾನು ಏಳಕ್ಕೇ ಅಜ್ಜಿಯ ಜಗಲಿಯ ಮೇಲೆ ಕೂತಿರುತ್ತೇನೆ. ಅವರು ಎದ್ದು ವ್ಯಾನು ಹತ್ತುತ್ತಾರೆಂದು ನನಗೆ ಅನ್ನಿಸುತ್ತಿಲ್ಲ. ಹತ್ತದಿದ್ದರೆ ಮುಂದಿನ ವ್ಯಾನಿಗೂ ಹೋಗುತ್ತೇನೆ, ಅದರ ಮುಂದಿನದಕ್ಕೂ ಹೋಗುತ್ತೇನೆ. ಏನ್ ತೋರ್ಸಕೆ ಕರ್ಕಂಡೋಯ್ತಿಯವ್ವ ಎಂದು ಅವರು ಕೇಳಿದರೆ, ಗೊತ್ತಿಲ್ಲ ಅಜ್ಜಿ ಎನ್ನುತ್ತೇನೆ. ಇನ್ನೊಂದು ಸುಳ್ಳು ಹೇಳುವುದಿಲ್ಲ.

ನಿಮ್ಮ,
ಅಮ್ಮಿ